ಒಂದು ಮೀಟರ್ ಗುಲಾಬಿ ತಂತಿ

(ದಾಬಸ್‌ಪೇಟೆಯ ಒಂದು ಕಾರ್ಖಾನೆ. ಆಯುಧಪೂಜೆಯ ಮಧ್ಯಾಹ್ನ. ಹಳೆಯ ಯಂತ್ರಗಳಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ. ಮೂಲೆಯಲ್ಲಿ ಹೊಸದಾಗಿ ಕೂರಿಸಿದ, ಚೀಲ ಪೇರಿಸುವ ಯಂತ್ರಕ್ಕೆ ಮಾತ್ರ ಇನ್ನೂ ಮೇನ್ ಕರೆಂಟ್ ಬಂದಿಲ್ಲ. ಕಾರ್ಖಾನೆಯ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪೂಜೆ ಮುಗಿಸಿ ಬರಬೇಕು. ಯಂತ್ರ ಬಂದ ಮರದ ಪೆಟ್ಟಿಗೆಯ ಹಲಗೆಗಳ ಮೇಲೆ ಇಬ್ಬರು ಕೂತಿದ್ದಾರೆ, ನಡುವೆ ಕಡಲೆಪುರಿಯ ಪೊಟ್ಟಣ. ಒಬ್ಬರು ಮೂವತ್ತು ವರ್ಷದಿಂದ ಯಂತ್ರ ಕೂರಿಸುತ್ತಿರುವ ಫಿಟ್ಟರ್. ಇನ್ನೊಬ್ಬಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗಿ.)

— ಅಣ್ಣ, ಇಷ್ಟೊತ್ತಿಗೆ ನಮ್ಮ ಬೀದೀಲಿ ಗಾಡಿಗಳನ್ನೆಲ್ಲ ತೊಳೆದು, ನಿಂಬೆಹಣ್ಣು ಇಟ್ಟು ಪೂಜೆ ಮಾಡಿರ್ತಾರೆ. ಹಬ್ಬದ ದಿನವೇ ಯಾಕೆ ಕೆಲಸ ಇಟ್ಕೊಂಡ್ವಿ ನಾವು?

— ನಾವು ಇಟ್ಕೊಂಡಿದ್ದಲ್ಲ ಕಣಮ್ಮ. ಓಡ್ತಿರೋ ಕಾರ್ಖಾನೆ ಒಳಗೆ ಹೊಸ ಲೈನ್ ಕೂರಿಸ್ಬೇಕು ಅಂದ್ರೆ ಹೈಡ್ರಾ ಕ್ರೇನ್ ಒಳಗೆ ಬರೋಕೆ ದಾರಿ ಬೇಕು, ನೆಲ ಕೊರೆಯೋಕೆ ಜಾಗ ಬೇಕು, ಮೇನ್ ಆಫ್ ಮಾಡೋಕೆ ಬಿಡಬೇಕು. ಅದೆಲ್ಲ ಸಿಗೋದು ಇಲ್ಲಿನವರಿಗೆ ರಜೆ ಇದ್ದಾಗ. ದಸರಾ, ದೀಪಾವಳಿ, ಸಂಕ್ರಾಂತಿ. ಊರೆಲ್ಲ ಮನೆ ಕಡೆ ಹೊರಟಾಗ ನಾವು ಟೂಲ್ ಬಾಕ್ಸ್ ಹೊತ್ಕೊಂಡು ಎದುರು ದಿಕ್ಕಿನ ಬಸ್ ಹತ್ತೀವಿ. ನನ್ನ ಮಗನ ಕೈ ಹಿಡಿದು ಪಟಾಕಿ ಹಚ್ಚಿಸಿದ್ದು ಎರಡೇ ದೀಪಾವಳಿ. ಈ ಕೆಲಸಕ್ಕೆ ಬರೋರು ಅದನ್ನ ಮೊದಲೇ ತಿಳ್ಕೊಂಡಿರಬೇಕು. ಪುರಿ ತಗೋ.

— ನಾನು ಓದಿದ ಜಿಟಿಟಿಸಿಯಲ್ಲಿ ಇದನ್ನ ಯಾರೂ ಹೇಳಲಿಲ್ಲ. ಮೊದಲ ದಿನ ಹೇಳಿದ್ದು ಮೆಕಾಟ್ರಾನಿಕ್ಸ್ ಅನ್ನೋ ಹೆಸರು ಎಲ್ಲಿಂದ ಬಂತು ಅಂತ. ಜಪಾನಿನ ಯಾಸ್ಕಾವಾ ಕಂಪನಿಯ ತೆತ್ಸುರೊ ಮೋರಿ ಅನ್ನೋ ಎಂಜಿನಿಯರ್ 1969ರಲ್ಲಿ ಕಟ್ಟಿದ ಪದ ಅಂತೆ. ಮೆಕ್ಯಾನಿಕ್ಸ್‌ನ ತಲೆಗೆ ಎಲೆಕ್ಟ್ರಾನಿಕ್ಸ್‌ನ ಬಾಲ ಸೇರಿಸಿದ್ದು. ಕಂಪನಿ ಅದನ್ನ ಟ್ರೇಡ್‌ಮಾರ್ಕ್ ಕೂಡ ಮಾಡಿಸ್ಕೊಂಡು, ಆಮೇಲೆ ಎಲ್ಲರೂ ಬಳಸಲಿ ಅಂತ ಬಿಟ್ಟುಕೊಡ್ತಂತೆ.

— ಒಳ್ಳೇ ಕೆಲಸ ಮಾಡ್ದ ಅವನು. ನಾನು ಓದಿದಾಗ ಎರಡಕ್ಕೂ ಒಂದು ಹೆಸರಿಲ್ಲ. ನಾನು ಐಟಿಐ ಫಿಟ್ಟರ್. ವೈರ್ ಕಂಡರೆ ದೂರ ನಿಲ್ಲು ಅಂತ ಕಲಿಸಿದ್ರು. ಪೀಣ್ಯದಲ್ಲಿ ಕೆಲಸಕ್ಕೆ ಸೇರಿದಾಗ ಒಂದೊಂದು ಸೈಟ್‌ಗೂ ಇಬ್ಬರು, ಒಬ್ಬ ಫಿಟ್ಟರ್, ಒಬ್ಬ ಎಲೆಕ್ಟ್ರಿಷಿಯನ್. ಯಂತ್ರ ಕೆಟ್ಟು ನಿಂತರೆ ಅವನು ‘ಮೆಕ್ಯಾನಿಕಲ್ ಪ್ರಾಬ್ಲಂ’ ಅಂತಿದ್ದ, ನಾನು ‘ಎಲೆಕ್ಟ್ರಿಕಲ್’ ಅಂತಿದ್ದೆ. ಕಾರ್ಖಾನೆಯವರು ಮಧ್ಯ ನಿಂತು ಇಬ್ಬರ ಮುಖ ನೋಡ್ತಿದ್ರು.

— ಹಾಗಾದ್ರೆ ಕರೆಂಟ್ ಕೆಲಸ ಕಲಿತಿದ್ದು ಹೇಗೆ?

— ಒಂದು ಮೋಟರ್ ಕಾಲಿನಿಂದ. ನಗಬೇಡ, ನಿಜ. ಒಂದು ಕನ್ವೇಯರ್ ಕೂರಿಸಿದ್ವಿ. ಅರ್ಧ ಗಂಟೆ ಓಡೋದು, ಮೋಟರಿಗೆ ಕರೆಂಟ್ ಕೊಡೋ ಡ್ರೈವ್ ಓವರ್‌ಲೋಡ್ ಅಂತ ಟ್ರಿಪ್ ಆಗೋದು. ಎಲೆಕ್ಟ್ರಿಷಿಯನ್ ಡ್ರೈವ್ ಬದಲಾಯಿಸಿದ. ಕೇಬಲ್ ಬದಲಾಯಿಸಿದ. ಕೊನೆಗೆ ಮೋಟರನ್ನೇ ಬದಲಾಯಿಸಿದ್ವಿ. ಎರಡು ದಿನ ಹೋಯ್ತು. ಜಾಲಹಳ್ಳಿ ಎಚ್ಎಂಟಿಯಿಂದ ರಿಟೈರ್ ಆಗಿದ್ದ ಒಬ್ಬ ಯಜಮಾನರು ನಮ್ಮ ಕಂಪನಿಗೆ ಆಗಾಗ ಬರ್ತಿದ್ರು. ಅವರನ್ನ ಕರೆಸಿದ್ರು. ಬಂದವರು ಪ್ಯಾನೆಲ್ ಕಡೆ ತಿರುಗಿಯೂ ನೋಡಲಿಲ್ಲ. ಮೋಟರ್ ಕಾಲಿನ ಪಕ್ಕ ಡಯಲ್ ಗೇಜ್ ನಿಲ್ಲಿಸಿ, ನಾಲ್ಕು ಬೋಲ್ಟ್‌ಗಳನ್ನ ಒಂದೊಂದಾಗಿ ಸಡಿಲಿಸ್ತಾ ಬಂದ್ರು. ಮೂರನೇ ಬೋಲ್ಟ್ ಸಡಿಲಿಸಿದಾಗ ಮುಳ್ಳು ಟಣ್ಣನೆ ಹಾರ್ತು. ಆ ಕಾಲು ನೆಲಕ್ಕೆ ಕೂತೇ ಇರಲಿಲ್ಲ.

— ಸಾಫ್ಟ್ ಫೂಟ್.

— ಹೆಸರು ನಿನಗೆ ಗೊತ್ತು, ನನಗೆ ಆವತ್ತು ಹೆಸರೂ ಗೊತ್ತಿರಲಿಲ್ಲ. ಒಂದು ಕಾಲು ಗಿಡ್ಡ ಇರೋ ಸ್ಟೂಲ್ ಹಾಗೆ. ಸ್ಟೂಲ್ ಆದರೆ ಆಡುತ್ತೆ, ತಕ್ಷಣ ಗೊತ್ತಾಗುತ್ತೆ. ಮೋಟರನ್ನ ನಾವು ಬೋಲ್ಟ್ ಹಾಕಿ ಬಿಗಿದುಬಿಡ್ತೀವಿ. ಬಿಗಿದಾಗ ಕಾಲು ಕೆಳಗೆ ಬರುತ್ತೆ, ಅದರ ಜೊತೆ ಮೋಟರ್ ಮೈ ತಿರುಚಿಕೊಳ್ಳುತ್ತೆ, ಶಾಫ್ಟ್ ಗೇರ್‌ಬಾಕ್ಸ್ ಗೆರೆಯಿಂದ ಆಚೆ ಹೋಗುತ್ತೆ. ಬೇರಿಂಗ್ ಹಿಡಿಯುತ್ತೆ, ಕಾಯುತ್ತೆ. ಅದನ್ನ ತಿರುಗಿಸೋಕೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಅದನ್ನ ನೋಡಿ ಡ್ರೈವ್ ನಿಲ್ಲಿಸುತ್ತೆ. ಡ್ರೈವ್ ಹೇಳಿದ್ದು ನಿಜವೇ, ಆದರೆ ಅದಕ್ಕೆ ಕಾಲು ಕಾಣಲ್ಲವಲ್ಲ! ಯಜಮಾನರು ತಗಡಿನ ತುಂಡು, ಆ ಶಿಮ್ ಇದೆಯಲ್ಲ, ಅದನ್ನ ಕತ್ತರಿಸಿ ಸಂದಿಗೆ ಕೊಟ್ಟು ಬಿಗಿದ್ರು. ಕ್ಲ್ಯಾಂಪ್ ಮೀಟರಲ್ಲಿ ಕರೆಂಟ್ ಇಳಿದಿದ್ದನ್ನ ನಾನು ಕಣ್ಣಾರೆ ನೋಡಿದೆ. ಅವತ್ತು ಸಂಜೆಯೇ ಎಲೆಕ್ಟ್ರಿಷಿಯನ್ ಕಾಲು ಹಿಡಿದೆ, ನನಗೂ ಮೀಟರ್ ಹಿಡಿಯೋದು ಕಲಿಸು ಅಂತ.

— ಉಲ್ಟಾನೂ ಆಗುತ್ತಾ? ಕರೆಂಟ್ ತಪ್ಪಿಗೆ ಯಂತ್ರ ಬಿಚ್ಚೋದು?

— ಆಗದೆ ಏನು? ಗೇರ್‌ಬಾಕ್ಸ್ ಬಿಚ್ಚಿ ಎಣ್ಣೆ ಸುರಿದು ಹಲ್ಲು ಎಣಿಸಿದ್ದೀನಿ. ತಪ್ಪು ಇದ್ದದ್ದು ಕೇಬಲ್ ಟ್ರೇಯಲ್ಲಿ. ಡ್ರೈವ್‌ನಿಂದ ಮೋಟರ್‌ಗೆ ಹೋಗೋ ಕೇಬಲ್, ಯಂತ್ರ ಎಲ್ಲಿದೆ ಅಂತ ತಿಳಿಸೋ ಎನ್‌ಕೋಡರ್‌ನಿಂದ ಬರೋ ಕೇಬಲ್, ಎರಡನ್ನೂ ಒಟ್ಟಿಗೆ ಟೈ ಹಾಕಿ ಕಟ್ಟಿದ್ರು. ನೋಡೋಕೆ ಬಹಳ ಅಂದ. ಆದರೆ ಡ್ರೈವ್‌ನಿಂದ ಹೊರಡೋದು ನಯವಾದ ಕರೆಂಟ್ ಅಲ್ಲ, ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕಳಿಸಿದ್ದು. ಪಕ್ಕದಲ್ಲಿರೋ ಸಣ್ಣ ಸಿಗ್ನಲ್‌ಗೆ ಅದರ ಗಲಾಟೆ ಅಂಟುತ್ತೆ. ಯಂತ್ರಕ್ಕೆ ತಾನೆಲ್ಲಿದ್ದೀನಿ ಅನ್ನೋದೇ ಮರೆತುಹೋಗ್ತಿತ್ತು, ಎಲ್ಲೆಂದರಲ್ಲಿ ನಿಲ್ತಿತ್ತು. ಅದಕ್ಕೇ ನಿನ್ನೆ ನಿನ್ನ ಕೈಲಿ ಎರಡು ಟ್ರೇ ಹಾಕಿಸಿದ್ದು, ಕೇಬಲ್ ಶೀಲ್ಡನ್ನ ಕ್ಲ್ಯಾಂಪ್ ಕೆಳಗೆ ಸರಿಯಾಗಿ ಕೂರಿಸು ಅಂತ ತಲೆ ತಿಂದಿದ್ದು.

— ಲ್ಯಾಬ್‌ನಲ್ಲಿ ಈ ತೊಂದರೆ ಯಾವತ್ತೂ ಬರಲಿಲ್ಲ ಅಣ್ಣ. ಅಲ್ಲಿ ಎಲ್ಲ ಒಂದೇ ಬೋರ್ಡ್ ಮೇಲೆ ಮೊದಲೇ ಕೂರಿಸಿರೋದು. ನೆಲ ಅನ್ನೋದೇ ಇರಲಿಲ್ಲ ಅಲ್ಲಿ.

— ಸರಿಯಾಗಿ ಹೇಳ್ದೆ. ನೆಲವೇ ಇರಲ್ಲ. ಡ್ರಾಯಿಂಗ್‌ನಲ್ಲೂ ನೆಲ ಒಂದು ಗೆರೆ ಅಷ್ಟೆ. ಇಲ್ಲಿ ಬಂದು ನೋಡಿದರೆ ಈ ಕಡೆಯಿಂದ ಆ ಕಡೆಗೆ ಹನ್ನೆರಡು ಮಿಲಿಮೀಟರ್ ಇಳಿಜಾರು, ಯಾವನೋ ನೀರು ಹೋಗಲಿ ಅಂತ ಬಿಟ್ಟಿದ್ದು. ಅದಕ್ಕೇ ಮೊದಲ ದಿನ ಪೂರ್ತಿ ಲೆವೆಲ್ ಮಾಡೋದರಲ್ಲೇ ಹೋಯ್ತು. ನಮ್ಮ ಆ ಸ್ಪಿರಿಟ್ ಲೆವೆಲ್‌ನಲ್ಲಿ ಗುಳ್ಳೆ ಒಂದು ಗೆರೆ ಸರಿದರೆ ಮೀಟರಿಗೆ 0.02 ಮಿಲಿಮೀಟರ್ ವ್ಯತ್ಯಾಸ. ಒಂದು ತಲೆಕೂದಲಿಗಿಂತ ಸಣ್ಣದು. ಇದು ಚೀಲ ಪೇರಿಸೋ ಯಂತ್ರ, ಲೇಥ್ ಅಲ್ಲ, ಅಷ್ಟು ಬೇಕಿಲ್ಲ ಅಂತ ನೀನು ಗೊಣಗಿದ್ದು ಕೇಳಿಸ್ತು.

— ನಾನು ಮನಸ್ಸಲ್ಲೇ ಅಂದ್ಕೊಂಡೆ ಅನ್ಕೊಂಡಿದ್ದೆ!

— ನೀನು ಹೇಳಿದ್ದು ತಪ್ಪಲ್ಲ. ಗೆರೆ ಲೆಕ್ಕದಲ್ಲಿ ಬೇಕಿಲ್ಲ. ಆದರೆ ಮೇಲಿನ ಎರಡು ಹಳಿ ಒಂದೇ ಮಟ್ಟ ಇರಬೇಕು, ಇಲ್ಲದಿದ್ದರೆ ಅದರ ಮೇಲೆ ಓಡೋ ಗಾಡಿ ಅಡ್ಡ ಹಿಡಿಯುತ್ತೆ. ಮತ್ತೆ ಅದೇ ಕಥೆ, ಡ್ರೈವ್ ಟ್ರಿಪ್, ಎಲೆಕ್ಟ್ರಿಷಿಯನ್ ಬಯ್ಗುಳ. ಈಗ ಇಬ್ಬರ ಬಯ್ಗುಳವೂ ಒಬ್ಬರಿಗೇ ಬರುತ್ತೆ.

— ನನಗೆ ಪ್ಯಾನೆಲ್ ಕೆಲಸವೇ ಇಷ್ಟ. ವೈರ್ ತುದಿಗೆ ಫೆರೂಲ್ ಹಾಕಿ, ನಂಬರ್ ಸಿಕ್ಕಿಸಿ, ಸಾಲಾಗಿ ವೈರ್ ನಿಂತರೆ ನೋಡ್ತಾನೇ ಇರಬೇಕು ಅನಿಸುತ್ತೆ.

— ನೋಡೋದಷ್ಟೇ ಅಲ್ಲ, ಎಳೀಬೇಕು. ಪ್ರತಿ ವೈರನ್ನೂ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡು. ಬಿಗಿ ಅನ್ನೋದು ಕಣ್ಣಿಗೆ ಕಾಣಲ್ಲ. ಯಂತ್ರ ನಡುಗುತ್ತೆ, ಆರು ತಿಂಗಳಿಗೆ ಒಂದು ವೈರ್ ಹೊರಗೆ ಬರುತ್ತೆ, ಆಗ ನಾವು ಇನ್ಯಾವುದೋ ಊರಲ್ಲಿರ್ತೀವಿ. ಬೋಲ್ಟ್‌ಗೆ ಟಾರ್ಕ್ ಕೊಟ್ಟ ಮೇಲೆ ಬಣ್ಣದ ಗೆರೆ ಎಳೆಯೋದೂ ಅದಕ್ಕೇ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಮುಂದೆ ಬರೋನಿಗೆ ಗೊತ್ತಾಗುತ್ತೆ. ನಾನು ಸೇರಿದ ಹೊಸದರಲ್ಲಿ ಹಳೇ ಕಾರ್ಖಾನೆಗಳಲ್ಲಿ ಇನ್ನೂ ರಿಲೇ ಪ್ಯಾನೆಲ್ ಇದ್ವು. ಬೀರು ತುಂಬ ರಿಲೇ. ಟಕ ಟಕ ಅಂತ ಸದ್ದು. ಒಳ್ಳೇ ಎಲೆಕ್ಟ್ರಿಷಿಯನ್ ಆದರೆ ಆ ಸದ್ದು ಕೇಳಿಯೇ ಯಾವುದು ಕೆಲಸ ಮಾಡ್ತಿಲ್ಲ ಅಂತ ಹೇಳ್ತಿದ್ದ.

— ಅದನ್ನ ತೆಗೆಯೋಕೇ ಅಲ್ವಾ, ರಿಲೇ ಬದಲು ಪ್ರೋಗ್ರಾಂನಿಂದ ಯಂತ್ರ ನಡೆಸೋ ಪಿಎಲ್‌ಸಿ ಬಂದಿದ್ದು? 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನವರು ಕೇಳಿದ್ರಂತೆ, ಪ್ರತಿ ಸಲ ಕಾರಿನ ಮಾಡೆಲ್ ಬದಲಾದಾಗ ರಿಲೇ ಪ್ಯಾನೆಲ್ ಕಿತ್ತು ಹೊಸದಾಗಿ ವೈರಿಂಗ್ ಮಾಡಬೇಕು, ಅದರ ಬದಲು ಏನಾದ್ರೂ ಕೊಡಿ ಅಂತ. ಡಿಕ್ ಮಾರ್ಲಿ ಅನ್ನೋರ ತಂಡ ಮಾಡಿದ್ದು ಮೋಡಿಕಾನ್ 084. ಅವರ ಕಂಪನಿಯ ಎಂಬತ್ತನಾಲ್ಕನೇ ಪ್ರಾಜೆಕ್ಟ್, ಅದಕ್ಕೆ ಆ ಹೆಸರು.

— ಆ ಪುಣ್ಯಾತ್ಮರು ಮಾಡಿದ ದೊಡ್ಡ ಉಪಕಾರ ಯಾವುದು ಗೊತ್ತಾ? ಪ್ರೋಗ್ರಾಂ ಬರೆಯೋ ರೀತಿ. ಕಂಪ್ಯೂಟರ್ ಓದಿದವರ ಭಾಷೇಲಿ ಬರೆಯಿರಿ ಅನ್ನಬಹುದಿತ್ತು. ಅನ್ನಲಿಲ್ಲ. ರಿಲೇ ಡ್ರಾಯಿಂಗ್ ಹೇಗಿರುತ್ತೋ ಹಾಗೇ, ಏಣಿ ಥರ, ಎರಡು ಕಡೆ ಕಂಬ, ಮಧ್ಯ ಮೆಟ್ಟಿಲು. ಹಳೇ ಎಲೆಕ್ಟ್ರಿಷಿಯನ್ ಪರದೆ ನೋಡಿದ್ರೆ ತನ್ನ ಡ್ರಾಯಿಂಗೇ ಕಾಣುತ್ತೆ. ಐಟಿಐ ಓದಿದ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಲ್ಯಾಡರ್ ಓದ್ತೀನಿ ಅಂದ್ರೆ ಅದಕ್ಕೇ ಕಾರಣ. ಹೊಸದನ್ನ ತಂದೋರು ಹಳಬರಿಗೂ ಹತ್ತೋಕೆ ಏಣಿ ಇಟ್ಟಿದ್ರು. ಎಲ್ಲರೂ ಹಾಗೆ ಇಡಲ್ಲ.

— ಅಣ್ಣ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬೆಳಿಗ್ಗೆ ಸಿಗ್ನಲ್ ಚೆಕ್ ಮಾಡುವಾಗ ಗೇಟ್ ಸ್ವಿಚ್‌ಗೆ ಜಂಪರ್ ಹಾಕೋಕೆ ನಾನು ಒಂದು ಚಿಕ್ಕ ತುಂಡು ವೈರ್ ತಗೊಂಡೆ. ನೀವು ಕಿತ್ತು ಎಸೆದ್ರಿ. ನಿಮ್ಮ ಬಾಕ್ಸ್‌ನಿಂದ ಆ ಗುಲಾಬಿ ವೈರ್ ಕೊಟ್ರಿ, ಒಂದು ಮೀಟರ್ ಉದ್ದದ್ದು. ಎರಡು ಟರ್ಮಿನಲ್ ಮಧ್ಯ ಒಂದಿಂಚೂ ಇಲ್ಲ. ಯಾಕಷ್ಟು ಕೋಪ ಬಂತು ನಿಮಗೆ?

— ಕೋಪ ನಿನ್ನ ಮೇಲಲ್ಲ ಕಣಮ್ಮ. ಅದು ಬೇರೆ ಕಥೆ. ಹೇಳ್ತೀನಿ, ಅದಕ್ಕೂ ಮೊದಲು ನೀನು ಹೇಳು. ಯಂತ್ರ ನಿಲ್ಲೋದು ಅಂದ್ರೆ ಏನು?

— ಕರೆಂಟ್ ಕಟ್ ಆಗೋದು.

— ಅಲ್ಲ. ಆ ಮೇಲೆ ಹೋಗಿ ಕೆಳಗೆ ಬರೋ ತೋಳು ನೋಡು. ಅದರ ಕರೆಂಟ್ ಕಟ್ ಮಾಡಿದ್ರೆ ಭಾರಕ್ಕೆ ಕೆಳಗೆ ಬೀಳುತ್ತೆ. ಅದಕ್ಕೇ ಆ ಮೋಟರಲ್ಲಿ ಬ್ರೇಕ್ ಇದೆ, ಸ್ಪ್ರಿಂಗ್ ಹಿಡಿದಿರುತ್ತೆ, ಕರೆಂಟ್ ಕೊಟ್ಟರೆ ಮಾತ್ರ ಬಿಡುತ್ತೆ. ಚೀಲ ಹಿಡಿಯೋ ಬೆರಳು ನೋಡು. ಅದಕ್ಕೆ ನಿಲ್ಲೋದು ಅಂದ್ರೆ ಹಿಡಿದದ್ದನ್ನ ಬಿಡದೆ ಇರೋದು. ಇಪ್ಪತ್ತೈದು ಕೆಜಿ ಚೀಲ ತಲೆ ಮೇಲಿರುವಾಗ ಕರೆಂಟ್ ಹೋಯ್ತು ಅಂತ ಬೆರಳು ತೆರೆದುಕೊಂಡರೆ ಗತಿ ಏನು? ಅದಕ್ಕೆ ಅಲ್ಲಿ ಎರಡು ಕಾಯಿಲ್‌ನ ವಾಲ್ವ್. ಎರಡಕ್ಕೂ ಕರೆಂಟ್ ಹೋದರೆ ಎಲ್ಲಿತ್ತೋ ಅಲ್ಲೇ ಇರುತ್ತೆ. ಸಿಲಿಂಡರ್ ಒಳಗೆ ಆರು ಬಾರ್ ಗಾಳಿ ಸಿಕ್ಕಿಕೊಂಡಿರುತ್ತೆ, ಮೇನ್ ಆಫ್ ಮಾಡಿದ ಮಾತ್ರಕ್ಕೆ ಅದು ಹೋಗಲ್ಲ. ಡ್ರೈವ್ ಒಳಗಿನ ಕೆಪಾಸಿಟರ್‌ಗಳಲ್ಲಿ ಐನೂರು ವೋಲ್ಟ್‌ಗೂ ಮೇಲೆ ಉಳಿದಿರುತ್ತೆ. ಅದರ ಮೇಲೆ ಬರೆದಿರೋಷ್ಟು ನಿಮಿಷ ಕಾದು, ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಬೇಕು. ಒಂದು ಯಂತ್ರದೊಳಗೆ ಒಂದೊಂದೂ ಒಂದೊಂದು ಥರ ನಿಲ್ಲುತ್ತೆ. ಓಡಿಸೋದು ಸುಲಭ, ಅದಕ್ಕೆ ಮೂರು ಫೇಸ್ ಸಾಕು. ಸರಿಯಾಗಿ ನಿಲ್ಲಿಸೋಕೇ ನಮ್ಮನ್ನ ಕರೆಯೋದು.

— ಎಮರ್ಜೆನ್ಸಿ ಬಟನ್‌ಗೆ ಮುಚ್ಚಿದ ಕಾಂಟ್ಯಾಕ್ಟ್ ಯಾಕೆ ಅಂತ ಪರೀಕ್ಷೇಲಿ ಕೇಳಿದ್ರು. ಒತ್ತಿದಾಗ ತೆರೆದುಕೊಳ್ಳಬೇಕು, ವೈರ್ ತುಂಡಾದರೂ ಯಂತ್ರ ನಿಲ್ಲಬೇಕು ಅಂತ ಬರೆದೆ. ಮಾರ್ಕ್ಸ್ ಬಂತು.

— ಬರಲೇಬೇಕು. ಈಗ ನನ್ನ ಕಥೆ. ಶಿರಾ ಕಡೆ ಒಂದು ಕಾರ್ಖಾನೆ. ಪೆಟ್ಟಿಗೆ ಎತ್ತಿಡೋ ತೋಳು, ಸುತ್ತ ಬೇಲಿ, ಒಂದು ಗೇಟ್. ಗೇಟ್ ತೆಗೆದರೆ ಎಲ್ಲ ನಿಲ್ಲಬೇಕು. ಟ್ರಯಲ್ ಮಾಡುವಾಗ ಪದೇ ಪದೇ ಒಳಗೆ ಹೋಗಿ ಸೆನ್ಸರ್ ಸರಿಮಾಡಬೇಕಿತ್ತು, ಪ್ರತಿ ಸಲ ರೀಸೆಟ್. ಸಂಜೆಗೆ ಮುಗಿಸಿ ಒಪ್ಪಿಸಬೇಕು ಅಂತ ಒತ್ತಡ ಬೇರೆ. ಗೇಟ್ ತೆರೆದರೂ ಮುಚ್ಚಿದೆ ಅಂತಲೇ ಯಂತ್ರ ತಿಳ್ಕೊಳ್ಳೋ ಹಾಗೆ ಗೇಟ್ ಸ್ವಿಚ್‌ಗೆ ಒಂದು ಜಂಪರ್ ಹಾಕ್ದೆ. ನೀನು ಬೆಳಿಗ್ಗೆ ತಗೊಂಡಿದ್ದೆಯಲ್ಲ, ಅಷ್ಟೇ ಉದ್ದದ್ದು, ಪ್ಯಾನೆಲ್‌ನ ಉಳಿದ ವೈರ್‌ಗಳ ಬಣ್ಣದ್ದೇ. ಕೆಲಸ ಮುಗೀತು, ಎಲ್ಲರೂ ಚೆನ್ನಾಗಿದೆ ಅಂದ್ರು. ನಾನು ಬಸ್ ಹತ್ತಿದೆ. ಕ್ಯಾತ್ಸಂದ್ರ ದಾಟೋ ಹೊತ್ತಿಗೆ, ಕಿಟಕಿ ಗಾಜಿಗೆ ತಲೆ ಆನಿಸಿ ಕೂತಿದ್ದೆ, ಇದ್ದಕ್ಕಿದ್ದ ಹಾಗೆ ಆ ತುಂಡು ಕಣ್ಮುಂದೆ ಬಂತು. ತೆಗೆದಿಲ್ಲ.

— ಅಯ್ಯೋ. ಫೋನ್ ಮಾಡ್ಲಿಲ್ವಾ?

— ಮಾಡ್ದೆ. ಶಿಫ್ಟ್‌ನವರು ಎತ್ತಲಿಲ್ಲ. ಬಸ್ ನಿಲ್ಲಿಸಿ ಇಳಿದೆ. ಒಂದು ಲಾರಿ ಸಿಕ್ತು. ಕಾರ್ಖಾನೆ ಗೇಟ್ ಹತ್ರ ಹೋದಾಗ ರಾತ್ರಿ ಒಂದು ದಾಟಿತ್ತು. ಸೆಕ್ಯೂರಿಟಿ ಬಿಡಲ್ಲ ಅಂದ, ಪಾಸ್ ಮುಗಿದಿದೆ ಅಂತ. ಅವನದು ತಪ್ಪಲ್ಲ. ಹೊರಗೆ ನಿಂತವನಿಗೆ ಒಳಗೆ ಲೈನ್ ಓಡ್ತಿರೋ ಸದ್ದು ಕೇಳಿಸ್ತಿತ್ತು. ಕಿರುಚಾಡಿ, ಕೈಮುಗಿದು, ಕೊನೆಗೆ ಅವನೇ ಜೊತೆಗೆ ಬಂದ. ಒಳಗೆ ಹೋಗಿ ನೋಡ್ತೀನಿ, ಬೇಲಿ ಗೇಟ್ ತೆರೆದಿದೆ. ಆಪರೇಟರ್ ಹುಡುಗ ತೋಳಿನ ಕೆಳಗೆ ಬಗ್ಗಿ ಸಿಕ್ಕಿಕೊಂಡ ಪೆಟ್ಟಿಗೆ ಎಳೀತಿದ್ದಾನೆ.

— ಯಂತ್ರ ಓಡ್ತಿತ್ತಾ?

— ಇಲ್ಲ, ನಿಂತಿತ್ತು. ಅದೇ ಭಯ. ಮುಂದಿನ ಪೆಟ್ಟಿಗೆ ಸೆನ್ಸರ್ ಮುಂದೆ ಬರಲಿ ಅಂತ ತೋಳು ಕಾಯ್ತಿತ್ತು. ಕಾಯ್ತಾ ನಿಂತ ಯಂತ್ರವೂ, ಸುರಕ್ಷಿತವಾಗಿ ನಿಂತ ಯಂತ್ರವೂ ನೋಡೋಕೆ ಒಂದೇ ಥರ ಇರ್ತವೆ. ಅವನು ಸಿಕ್ಕಿಕೊಂಡ ಪೆಟ್ಟಿಗೆ ಎಳೆದು ತೆಗೆದ ಅಂದ್ರೆ ಹಿಂದಿನದು ಜಾರಿ ಬರುತ್ತೆ, ಸೆನ್ಸರ್ ನೋಡುತ್ತೆ, ತೋಳು ಇಳಿಯುತ್ತೆ. ನಾನು ಓಡಿ ಹೋಗಿ ಎಮರ್ಜೆನ್ಸಿ ಬಟನ್ ಮೇಲೆ ಬಿದ್ದೆ. ಅವನಿಗೆ ಏನೂ ಆಗಲಿಲ್ಲ. ಯಾಕಣ್ಣ ಗಾಬರಿ, ಗೇಟ್ ತೆಗೆದಿದ್ದೀನಲ್ಲ ಅಂದ. ಗೇಟ್ ತೆಗೆದರೆ ನಿಲ್ಲುತ್ತೆ ಅಂತ ಅದೇ ದಿನ ಮಧ್ಯಾಹ್ನ ಅವನಿಗೆ ಹೇಳಿಕೊಟ್ಟೋನು ನಾನೇ ಕಣಮ್ಮ.

— …

— ಅವತ್ತಿಂದ ಜಂಪರ್ ಅಂದ್ರೆ ಒಂದು ಮೀಟರ್. ಪ್ಯಾನೆಲ್‌ನಲ್ಲಿ ಬೇರೆ ಯಾವುದಕ್ಕೂ ಬಳಸದ ಬಣ್ಣ. ಹೊರಗೆ ಜೋತಾಡ್ತಿರಬೇಕು. ಅದು ಇರೋವರೆಗೆ ಪ್ಯಾನೆಲ್ ಬಾಗಿಲು ಮುಚ್ಚಬಾರದು. ಬಾಗಿಲು ಮುಚ್ಚದೆ ನಾನು ಬಸ್ ಹತ್ತಲ್ಲ.

— ಬೇಲಿ ಹಾಕಿ ಅಂತ ಕಾನೂನೇ ಇತ್ತಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್, ಚಲಿಸೋ ಭಾಗಗಳಿಗೆ ತಡೆ ಇರಬೇಕು ಅಂತ. ಓದಿದ್ದು ನೆನಪಿದೆ.

— ಕಾನೂನಿನ ಪ್ರಕಾರ ಬೇಲಿ ಇತ್ತು. ಗೇಟೂ ಇತ್ತು, ಸ್ವಿಚ್ಚೂ ಇತ್ತು. ಯಾರಾದರೂ ತಪಾಸಣೆಗೆ ಬಂದಿದ್ದರೆ ಎಲ್ಲ ಸರಿ ಇದೆ ಅಂತಿದ್ರು. ಒಂದಿಂಚು ತಂತಿ ಯಾರ ಕಣ್ಣಿಗೆ ಬೀಳುತ್ತೆ?

— ನಿನ್ನೆ ಸಾಯಂಕಾಲ ಒಬ್ರು ಬಂದಿದ್ರು, ನೆನಪಿದೆಯಾ? ಚೀಲ ಪೇರಿಸೋ ಹಮಾಲಿಗಳಲ್ಲಿ ಒಬ್ರು. ಇದು ನಿಮಿಷಕ್ಕೆ ಎಷ್ಟು ಪೇರಿಸುತ್ತೆ ಅಂತ ಕೇಳಿದ್ರು. ನೀವು ಹತ್ತು ಅಂದ್ರಿ. ಅವರು ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ನಿಂತು ಹೋದ್ರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪ ಯಶವಂತಪುರ ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆ ಹೊತ್ತೋರು. ನಾನು ಡಿಪ್ಲೊಮಾ ಮಾಡಿದ್ದು ಆ ದುಡ್ಡಲ್ಲೇ.

— ಈಗ ಹೇಗಿದ್ದಾರೆ?

— ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೆ ಆಗಲ್ಲ. ನಾನು ಲೆಕ್ಕ ಹಾಕ್ದೆ. ಇಪ್ಪತ್ತೈದು ಕೆಜಿ ಚೀಲ, ಒಬ್ಬರು ದಿನಕ್ಕೆ ಎಂಟುನೂರು ಎತ್ತಿದ್ರೆ ಇಪ್ಪತ್ತು ಟನ್. ಅದನ್ನ ಯಂತ್ರ ಎತ್ತಲಿ ಅನಿಸುತ್ತೆ. ಅಪ್ಪ ಯಾರ್ಡ್‌ನಲ್ಲಿದ್ದಾಗ ಇಂಥದ್ದು ಬಂದಿದ್ರೆ ಬೆನ್ನು ಉಳೀತಿತ್ತು. ಆದರೆ ನನ್ನ ಫೀಸು? ಅದನ್ನ ಯಾರು ಕಟ್ತಿದ್ರು?

— ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇದೆ ಅಂತ ಹೇಳೋರನ್ನ ನಾನು ನಂಬಲ್ಲ. ನಾನು ಮಾಡೋದು ಒಂದೇ. ಹೋದ ಕಡೆಯೆಲ್ಲ ಮ್ಯಾನೇಜರ್ ಹತ್ರ ಕೇಳ್ತೀನಿ, ಆಪರೇಟರ್ ಕೆಲಸಕ್ಕೆ ಹೊರಗಿನಿಂದ ಕರೀಬೇಡಿ, ಇಷ್ಟು ದಿನ ಕೈಲಿ ಮಾಡ್ತಿದ್ದವರಲ್ಲೇ ಇಬ್ಬರನ್ನ ಕೊಡಿ, ನಾನು ಇರೋವಷ್ಟು ದಿನ ಕಲಿಸ್ತೀನಿ ಅಂತ. ಅವರಿಗೆ ಚೀಲದ ಗುಣ ಗೊತ್ತಿರುತ್ತೆ. ಯಾವುದು ಸಡಿಲ ತುಂಬಿದೆ, ಯಾವುದು ಜಾರುತ್ತೆ ಅಂತ. ನಮ್ಮ ಯಂತ್ರಕ್ಕೆ ಅದು ಗೊತ್ತಿಲ್ಲ. ಕೆಲವು ಕಡೆ ಕೊಡ್ತಾರೆ. ಇಲ್ಲಿ ಒಪ್ಪಿದ್ದಾರೆ, ನಿನ್ನೆ ಬಂದೋರು ನಾಡಿದ್ದು ಬೆಳಿಗ್ಗೆ ಬರ್ತಾರೆ.

— ಅವರು ಆರು ಜನ ಇದ್ದಾರೆ ಅಣ್ಣ.

— ಗೊತ್ತು. ಉಳಿದ ನಾಲ್ವರು ಎಲ್ಲಿಗೆ ಹೋಗ್ತಾರೆ ಅಂತ ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಕೇಳೋಕೆ ಧೈರ್ಯ ಬಂದಿಲ್ಲ.

— ನಾಡಿದ್ದು ಅವರಿಗೆ ನಾನು ಹೇಳಿಕೊಡ್ಲಾ?

— ಹೇಳಿಕೊಡು. ಪರದೆ ಮೇಲಿನ ಅಕ್ಷರ ಇಂಗ್ಲಿಷಲ್ಲಿದೆ, ಇವತ್ತು ರಾತ್ರಿ ಕೂತು ಕನ್ನಡಕ್ಕೆ ಹಾಕು. ‘ಫಾಲ್ಟ್’ ಅಂತ ಬಿಡಬೇಡ. ‘ಗೇಟ್ ತೆರೆದಿದೆ’, ‘ಗಾಳಿ ಕಡಿಮೆ ಇದೆ’ ಅಂತ ಬರೆ. ಅಗೋ, ಸೂಪರ್‌ವೈಸರ್ ಬಂದ್ರು. ಹಣೆ ತುಂಬ ಕುಂಕುಮ. ಏಳು.

— ಮೊದಲು ಏನು ನೋಡ್ಲಿ?

— ಮೂರು ಫೇಸ್ ಮಧ್ಯ 415 ಇದೆಯಾ ನೋಡು. ಆಮೇಲೆ ಕಂಟ್ರೋಲ್ 24 ವೋಲ್ಟ್. ಕನ್ವೇಯರ್ ಮೋಟರ್‌ನ ಕಪ್ಲಿಂಗ್ ಇನ್ನೂ ಸೇರಿಸಿಲ್ಲ, ಹಾಗೇ ಇರಲಿ, ಯಾವ ಕಡೆ ತಿರುಗುತ್ತೆ ಅಂತ ಬರೀ ಮೋಟರಲ್ಲೇ ನೋಡೋಣ. ಉಲ್ಟಾ ಬಂದ್ರೆ ಎರಡು ಫೇಸ್ ಅದಲು ಬದಲು. ಆದರೆ ಅದಕ್ಕೂ ಮುಂಚೆ ಐದು ಎಮರ್ಜೆನ್ಸಿ ಬಟನ್ನೂ ಒಂದೊಂದಾಗಿ ಒತ್ತಿ ಬಾ. ಒಂದು ಸಲ ಒತ್ತಿದ್ದಕ್ಕೆ ಒಂದು ಸಲ ನನಗೆ ಕೂಗಿ ಹೇಳು.

— ಸರಿ ಅಣ್ಣ.

— ಗುಲಾಬಿ ತಂತಿ ಎಷ್ಟು ಹಾಕಿದ್ದೆ?

— ಎರಡು. ಎರಡೂ ಇಲ್ಲಿ ನನ್ನ ಕೈಲಿವೆ, ನೋಡಿ.

— ಸರಿ. ಬಾಗಿಲು ಮುಚ್ಚು.